ಸವೆದ ಎಂಜಿನ್ನಿನ ಬಣ್ಣ ಏರಿನಲ್ಲೇ ಬಯಲು
ಎತ್ತರದ ಊರಲ್ಲಿ ಸಣ್ಣ ವಿಮಾನ ಟೇಕಾಫ್ ಆಗುತ್ತಲೇ ಬಿದ್ದರೆ 'ಪೈಲಟ್ ತಪ್ಪು' ಅಂತ ಸುಮ್ನೆ ಮುಗಿಸಿಬಿಡೋದು ಸರಿಯಲ್ಲ. ನನ್ನ ಹಳೇ ಬೈಕನ್ನೇ ನೋಡಿ, ಗೋಕುಲ ರಸ್ತೆಯಲ್ಲಿ ಆರಾಮಾಗಿ ಓಡುತ್ತದೆ, ನೃಪತುಂಗ ಬೆಟ್ಟದ ಏರು ಬಂತೋ ನೀಲಿ ಹೊಗೆ ಬಿಟ್ಟುಕೊಂಡು ಎರಡನೇ ಗೇರಿಗೆ ಇಳಿಯುತ್ತದೆ. ಪಿಸ್ಟನ್ ರಿಂಗ್ ಸವೆದಿದೆ, ಅಷ್ಟೇ. ವಿಮಾನದ್ದೂ ಇದೇ ಕಥೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಟರ್ಬೋ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಅದರ ಮೇಲೆ ಸವೆತ ಬೇರೆ, ರೆಕ್ಕೆಗೂ ಪ್ರೊಪೆಲರ್‌ಗೂ ಸಿಗೋದು ಅದೇ ತೆಳು ಗಾಳಿ. ನಮ್ಮ ಹುಬ್ಬಳ್ಳಿ ವಿಮಾನ ನಿಲ್ದಾಣ ಇರೋದು ಸುಮಾರು 2,170 ಅಡಿ ಎತ್ತರದಲ್ಲಿ. ಆದರೆ ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಬಿಸಿಲಿದ್ದರೆ ಗಾಳಿ ಇನ್ನೂ ತೆಳುವಾಗಿ, ವಿಮಾನದ ಪಾಲಿಗೆ ಅದೇ 5,000 ಅಡಿ ದಾಟುತ್ತದೆ! ವಿಮಾನದ ಕೈಪಿಡಿಯ ಟೇಕಾಫ್ ಲೆಕ್ಕ ಇರೋದು ಸವೆಯದ ಗಟ್ಟಿ ಎಂಜಿನ್‌ಗೆ ಅಲ್ವಾ?