ಆ ದನಿ ಏನು ಹೇಳುತ್ತೆ ಅಂತ ನನಗೆ ಹೇಳಬೇಡಿ

ಒಂದು ಹಾಡನ್ನು ಪೂರ್ತಿ ಕೇಳೋಕೆ ಬಿಡಿ ಮಾರಾಯ್ರೆ. ನಾಲ್ಕು ನಿಮಿಷದ ಹಾಡು. ಮಧ್ಯದಲ್ಲಿ ನಿಲ್ಲಿಸದೆ, ಹಿಂದಕ್ಕೆ ಎಳೆಯದೆ, ನನ್ನ ಭುಜ ತಟ್ಟಿ ‘ಈಗ ಕೇಳು, ಈಗ ಬರುತ್ತೆ’ ಅನ್ನದೆ. ಅಷ್ಟಾದರೆ ಸಾಕು ನನಗೆ.

ಹಾಡು ‘ಆರ್ಕೇಂಜೆಲ್’, ಅಂದರೆ ದೊಡ್ಡ ದೇವದೂತ. ಲಂಡನ್ನಿನ ಬೆರಿಯಲ್ ಅನ್ನೋ ಸಂಗೀತಗಾರ 2007ರಲ್ಲಿ ತಂದ ‘ಅನ್‌ಟ್ರೂ’ ಆಲ್ಬಮ್ಮಿನದು. ಎಲೆಕ್ಟ್ರಾನಿಕ್ ಸಂಗೀತ ಕೇಳುವವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ. ಕೇಳದವರಿಗೆ ಹೇಳಬೇಕೆಂದರೆ, ಎಡವುತ್ತಾ ಓಡುವ ಡ್ರಮ್ಮು, ಹಳೇ ರೆಕಾರ್ಡಿನ ಚರಚರ ಸದ್ದು, ಅದರ ಮೇಲೆ ಗಂಡೋ ಹೆಣ್ಣೋ ಗೊತ್ತಾಗದ ಒಂದು ದನಿ. ಅದು ಏನೋ ಹೇಳುತ್ತಿರುತ್ತದೆ. ಸ್ವಲ್ಪ ಕೇಳಿಸುತ್ತದೆ, ಸ್ವಲ್ಪ ಕೇಳಿಸುವುದಿಲ್ಲ. ಹಾಗೆ ಪೂರ್ತಿ ಕೈಗೆ ಸಿಗದೆ ಇರುವುದರಲ್ಲೇ ಅದರ ಮಜಾ ಇದೆ ಅಂತ ನಾನು ಅಂದುಕೊಂಡಿದ್ದೆ. ನಮ್ಮ ಗುಂಪಿನವರಿಗೆ ಹಾಗನ್ನಿಸುವುದಿಲ್ಲ.

ಬೆಂಗಳೂರಿನಲ್ಲಿ ಇಂಥ ಸಂಗೀತ ಕೇಳುವ ಗೆಳೆಯರು ಸಿಗೋದೇ ಕಷ್ಟ. ಸಿಕ್ಕರಲ್ಲ ಅಂತ ಖುಷಿಪಟ್ಟಿದ್ದೆ. ಈಗ ನೋಡಿದರೆ ಅವರು ಕೇಳುವುದೇ ಇಲ್ಲ, ತನಿಖೆ ಮಾಡುತ್ತಾರೆ. ಹಾಡು ಶುರುವಾಗಿ ಅರ್ಧ ನಿಮಿಷವಾಗಿರಲ್ಲ, ಒಬ್ಬ ನಿಲ್ಲಿಸುತ್ತಾನೆ. ‘ಕೇಳಿಸ್ತಾ? ಹಿಂದೆ ಒಬ್ಬಳು ಪಿಸುಗುಡ್ತಾ ಇದ್ದಾಳೆ.’ ಇಲ್ಲ ಕಣೋ. ‘ಸರಿಯಾಗಿ ಕೇಳು.’ ಮತ್ತೆ ಹಿಂದಕ್ಕೆ. ಹೆಡ್‌ಫೋನ್ ತಂದು ನನ್ನ ಕಿವಿಗೆ ಸಿಕ್ಕಿಸುತ್ತಾನೆ. ಅದರಲ್ಲೂ ಕೇಳಿಸದಿದ್ದರೆ ತಪ್ಪು ನನ್ನ ಹೆಡ್‌ಫೋನಿನದ್ದು. ಅಗ್ಗದ್ದು ತಗೊಂಡಿದ್ದೀಯ ಅಂತ ಬುದ್ಧಿಮಾತು ಬೇರೆ.

ಇದಕ್ಕಿಂತ ಹಿಂಸೆ ಎಂದರೆ ಮೂಡ್ ಬಗ್ಗೆ ಇವರ ತೀರ್ಪು. ಬೆರಿಯಲ್ ಅಂದರೆ ಮಳೆ. ಖಾಲಿ ರಸ್ತೆ. ರಾತ್ರಿಯ ಕೊನೇ ಬಸ್ಸು. ಬಿಟ್ಟು ಹೋದ ಹುಡುಗಿ. ಜಗತ್ತಿನಲ್ಲಿ ಯಾರೇ ಅಭಿಮಾನಿ ಸಿಗಲಿ, ಇದೇ ನಾಲ್ಕು ಸರಕು ಇಟ್ಟುಕೊಂಡು ಬರುತ್ತಾರೆ. ಲಂಡನ್ ಕಣ್ಣಲ್ಲಿ ನೋಡದವರೂ ಅಲ್ಲಿನ ಮಳೆಯಲ್ಲಿ ನೆನೆದು ಬಂದವರಂತೆ ಮಾತಾಡುತ್ತಾರೆ. ನಾನು ಒಂದು ಸಲ ಬಾಯಿ ತಪ್ಪಿ ‘ಭಾನುವಾರ ಬೆಳಗ್ಗೆ ಉಪ್ಪಿಟ್ಟು ಮಾಡುತ್ತಾ ಇದನ್ನು ಹಾಕಿಕೊಂಡು ಕುಣಿಯುತ್ತೇನೆ’ ಅಂದೆ. ಸಾವಿನ ಮನೆಯಲ್ಲಿ ನಕ್ಕವನನ್ನು ನೋಡಿದ ಹಾಗೆ ನೋಡಿದರು. ‘ಈ ಹಾಡಿಗೆ ಕುಣಿತೀಯಾ?’ ಹೌದಪ್ಪ, ಕುಣಿತೀನಿ. ಇಂಗ್ಲೆಂಡಿನಲ್ಲಿ ಗ್ಯಾರೇಜ್ ಅಂತ ಕರೆಯುತ್ತಾರಲ್ಲ, ಆ ಕುಣಿಯುವ ಸಂಗೀತದ ತಾಳವೇ ಇದರಡಿ ಓಡುತ್ತಿದೆ. ಕಾಲು ಆಡದಿದ್ದರೆ ವಿಚಿತ್ರ.

ಬೆರಿಯಲ್ ತಾನೇ ಆಗಿನ ಸಂದರ್ಶನದಲ್ಲಿ ಹೇಳಿಕೊಂಡಿದ್ದಾನೆ, ಹಳೇ ರೇವ್ ಪಾರ್ಟಿ ಹಾಡುಗಳಲ್ಲಿ ಇರುತ್ತಿತ್ತಲ್ಲ ಆ ಥರ ಅರ್ಧ ಸಂಭ್ರಮ ಇರುವ ಆಲ್ಬಮ್ ಮಾಡಬೇಕು ಅನ್ನೋದು ಆಸೆಯಾಗಿತ್ತು ಅಂತ. ಇದನ್ನು ಹೇಳಿದರೆ ಉತ್ತರ ಏನು ಗೊತ್ತಾ? ‘ಅದು ಅವನಿಗೇ ಗೊತ್ತಿಲ್ಲ.’ ಹಾಡು ಮಾಡಿದವನಿಗೆ ಗೊತ್ತಿಲ್ಲ, ಇವರಿಗೆ ಗೊತ್ತು.

ಸರಿ, ಆ ದನಿಯ ವಿಷಯಕ್ಕೆ ಬರೋಣ. ಅದು ದೇವದೂತನದ್ದೂ ಅಲ್ಲ, ಸತ್ತ ಪ್ರೇಯಸಿಯದ್ದೂ ಅಲ್ಲ. ಅಮೆರಿಕದ ರೇ ಜೇ ಅನ್ನೋ ಆರ್‌ಅಂಡ್‌ಬಿ ಗಾಯಕ 2005ರಲ್ಲಿ ಹಾಡಿದ ‘ಒನ್ ವಿಶ್’ ಹಾಡಿನ ತುಣುಕು. ಅದನ್ನು ಕತ್ತರಿಸಿ, ಪಿಚ್, ಅಂದರೆ ದನಿಯ ಶ್ರುತಿ, ಏರಿಸಿ ಇಳಿಸಿ, ಒಂದೊಂದು ಅಕ್ಷರವನ್ನೂ ಬೇರೆ ಸ್ವರಕ್ಕೆ ಕೂರಿಸಿ ಹೊಸ ರಾಗ ಮಾಡಿದ್ದಾನೆ. ಬೆರಿಯಲ್ ಮಾಡುವುದೇ ಹೀಗೆ. ಗಂಡಸಿನ ದನಿಯನ್ನು ಹೆಣ್ಣಿನದಾಗಿಸುತ್ತಾನೆ, ಹೆಣ್ಣಿನದನ್ನು ಗಂಡಸಿನದಾಗಿಸುತ್ತಾನೆ. ಅ, ಇ, ಉ ಅಂತ ನಮಗೆ ಬೇರೆ ಬೇರೆ ಕೇಳಿಸುವುದು ಬಾಯಿಯ ಆಕಾರದಿಂದ ಕೆಲವು ತರಂಗಗಳು ಜೋರಾಗುವುದರಿಂದ. ಪಿಚ್ ಜೊತೆಗೆ ಅವೂ ಜರುಗಿದರೆ ಆ ಸ್ವರಾಕ್ಷರಗಳ ಚಹರೆಯೇ ಬದಲಾಗುತ್ತದೆ. ಅದರ ಮೇಲೆ ಉದ್ದನೆಯ ರಿವರ್ಬ್, ಅಂದರೆ ಖಾಲಿ ಹಾಲಿನಲ್ಲಿ ಕೇಳುವಂಥ ಗುಂಯ್‌ಗುಡುವಿಕೆ, ಹಾಕಿದರೆ ವ್ಯಂಜನಗಳೂ ಕರಗಿಹೋಗುತ್ತವೆ. ಮೇಲಿಂದ ಚರಚರ. ಮಾತು ಗೊತ್ತಾಗಬಾರದು ಅಂತಲೇ ಆತ ಇಷ್ಟೆಲ್ಲ ಕಷ್ಟಪಟ್ಟಿದ್ದಾನೆ. ಇವರು ಅಷ್ಟೇ ಕಷ್ಟಪಟ್ಟು ಅದನ್ನು ತಿರುಗಾ ಮಾತು ಮಾಡುತ್ತಿದ್ದಾರೆ.

ಅದೂ ಈಗ ಸಾಫ್ಟ್‌ವೇರ್ ಬಂದಿದೆಯಲ್ಲ. ಹಾಡು ಕೊಟ್ಟರೆ ಗಾಯನ ಒಂದು ಕಡೆ, ವಾದ್ಯ ಒಂದು ಕಡೆ ಬೇರ್ಪಡಿಸಿ ಕೊಡುತ್ತದೆ. 2019ರಲ್ಲಿ ಡೀಜರ್ ಅನ್ನೋ ಆನ್‌ಲೈನ್ ಸಂಗೀತ ಕಂಪನಿ ಸ್ಪ್ಲೀಟರ್ ಅನ್ನೋದನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟಿತು. ಆಮೇಲೆ ಇಂಥವು ಬೇಕಾದಷ್ಟು ಬಂದವು. ಅವು ಮಾಡುವುದು ಊಹೆ. ಈ ಸದ್ದಿನಲ್ಲಿ ಎಷ್ಟು ಪಾಲು ಮನುಷ್ಯನ ದನಿ ಇರಬಹುದು ಅಂತ ಅಂದಾಜು ಮಾಡಿ ಉಳಿದಿದ್ದನ್ನು ಅಳಿಸುತ್ತವೆ. ಸಾಮಾನ್ಯ ಹಾಡಾದರೆ ಚೆನ್ನಾಗಿಯೇ ಮಾಡುತ್ತವೆ. ಆದರೆ ಇಲ್ಲಿ ಚರಚರ, ರಿವರ್ಬ್, ವಿಡಿಯೋ ಗೇಮಿನಿಂದ ಎತ್ತಿದ ಸದ್ದು ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಬೇರೆ ಮಾಡಿದಾಗ ಚೂರುಪಾರು ಉಳಿಯುತ್ತದೆ, ಉಸ್ ಉಸ್ ಅನ್ನುತ್ತದೆ. ಅದನ್ನು ಕೇಳಿಸಿ ‘ನೋಡು, ಎರಡನೇ ದನಿ!’ ಅನ್ನುತ್ತಾರೆ. ಅದು ಸಾಫ್ಟ್‌ವೇರ್ ಉಗುಳಿದ ಕಸ ಅಂದರೆ ಕೋಪ ಬರುತ್ತದೆ.

ಹಾಡು ಹುಟ್ಟಿದ ಕತೆ ಗೊತ್ತಿಲ್ಲದಿದ್ದರೆ ಹೋಗಲಿ ಅನ್ನಬಹುದಿತ್ತು. ಅದೂ ಇದೆ. ‘ದಿ ವೈರ್’ ಅನ್ನೋ ಸಂಗೀತ ಪತ್ರಿಕೆಯ ಸಂದರ್ಶನದಲ್ಲಿ ವಿಮರ್ಶಕ ಮಾರ್ಕ್ ಫಿಷರ್‌ಗೆ ಬೆರಿಯಲ್ ತಾನೇ ಹೇಳಿದ್ದಾನೆ. ಅದಕ್ಕೆ ಮೊದಲು ಮಾಡಿದ್ದ ಕತ್ತಲೆ ಕತ್ತಲೆ ಹಾಡುಗಳು ಅಮ್ಮನಿಗೆ ಹಿಡಿಸಿರಲಿಲ್ಲವಂತೆ. ಅವನ ನಾಯಿ ತೀರಿಕೊಂಡಿತ್ತು, ಬೇಜಾರಲ್ಲಿದ್ದ. ಟೀ ಮಾಡಿಕೊಂಡು ಕೂತು ಒಂದು ಹಾಡು ಮಾಡಪ್ಪ ಅಂತ ಅಮ್ಮ ಹೇಳಿದರು. 20 ನಿಮಿಷಕ್ಕೆ ಫೋನ್ ಮಾಡಿ ಆಯ್ತಮ್ಮ ಅಂದ. ಅದೇ ‘ಆರ್ಕೇಂಜೆಲ್’. ಎಷ್ಟು ಚೆಂದದ ಕತೆ! ಬಾಯಿ ಮುಚ್ಚಿಸೋಕೆ ಇದು ಸಾಕು ಅಂತ ಗ್ರೂಪಿನಲ್ಲಿ ಬರೆದೆ. ಮಾರನೇ ದಿನ ಒಬ್ಬನ ಮೆಸೇಜು: ‘ಎರಡನೇ ನಿಮಿಷದ ಹತ್ತಿರ ನಾಯಿ ಕುಂಯ್‌ಗುಟ್ಟುತ್ತೆ, ಗಮನಿಸಿದ್ದೀಯಾ?’

ಇಂಥವರ ಜೊತೆ ಏನು ಮಾತಾಡೋದು ಹೇಳಿ.

ಹಾಡಿನಲ್ಲಿ ನಿಜವಾಗಿಯೂ ಬಚ್ಚಿಟ್ಟವರು ಇದ್ದಾರೆ, ಇಲ್ಲ ಅನ್ನಲ್ಲ. ಏಫೆಕ್ಸ್ ಟ್ವಿನ್ ಅನ್ನೋ ಎಲೆಕ್ಟ್ರಾನಿಕ್ ಸಂಗೀತಗಾರ 1999ರ ‘ವಿಂಡೋಲಿಕರ್’ ಸಿಂಗಲ್ಲಿನ ಇನ್ನೊಂದು ಟ್ರ್ಯಾಕಿನಲ್ಲಿ, ಗಣಿತದ ಸೂತ್ರವನ್ನೇ ಹೆಸರಾಗಿಟ್ಟ ಟ್ರ್ಯಾಕ್ ಅದು, ತನ್ನ ಮುಖವನ್ನೇ ಸದ್ದಿನೊಳಗೆ ಹುದುಗಿಸಿಟ್ಟ. ಸ್ಪೆಕ್ಟ್ರೋಗ್ರಾಂನಲ್ಲಿ, ಅಂದರೆ ಸದ್ದನ್ನು ಚಿತ್ರವಾಗಿ ತೋರಿಸುವ ನಕ್ಷೆಯಲ್ಲಿ, ನೋಡಿದರೆ ಹಲ್ಲು ಕಿರಿದುಕೊಂಡು ನಿಮ್ಮನ್ನೇ ನೋಡುತ್ತಾನೆ. ಸ್ಕಾಟ್ಲೆಂಡಿನ ಅಣ್ಣತಮ್ಮಂದಿರ ಜೋಡಿ ಬೋರ್ಡ್ಸ್ ಆಫ್ ಕೆನಡಾ ತಮ್ಮ ಹಾಡುಗಳಲ್ಲಿ ತಿರುಗುಮುರುಗು ಮಾಡಿದ ಮಾತುಗಳನ್ನು ಬೇಕೆಂದೇ ಸೇರಿಸಿದರು. 2002ರ ‘ಜಿಯೊಗಾಡಿ’ ಆಲ್ಬಮ್ಮು ಸರಿಯಾಗಿ 66 ನಿಮಿಷ 6 ಸೆಕೆಂಡು ಇದೆ, ಸೈತಾನನ ಸಂಖ್ಯೆ ಅನ್ನೋ 666 ಬರಲಿ ಅಂತ, ಅದಕ್ಕಾಗಿ ಕೊನೆಯಲ್ಲಿ ಬರೀ ಮೌನದ ಟ್ರ್ಯಾಕ್ ಇಟ್ಟರು. ಅದು ಅವರ ಕೀಟಲೆ. ಅಲ್ಲಿ ಹುಡುಕಿ, ಸಿಗುತ್ತದೆ, ನಾನೂ ಹುಡುಕಿ ಖುಷಿಪಟ್ಟಿದ್ದೇನೆ. ಒಬ್ಬ ಬಚ್ಚಿಟ್ಟ, ಇನ್ನೊಬ್ಬ ಹುಡುಕಿದ, ಅದೊಂದು ಆಟ. ಆದರೆ ಬೆರಿಯಲ್ ಆ ಆಟಕ್ಕೆ ಕರೆದೇ ಇಲ್ಲವಲ್ಲ! ಅವನಿಗೆ ಏನಾದರೂ ಹೇಳಬೇಕು ಅನ್ನಿಸಿದಾಗ ಬಾಯಿಬಿಟ್ಟು ಹೇಳುತ್ತಾನೆ. 2013ರ ಅವನ ‘ರೈವಲ್ ಡೀಲರ್’ ರೆಕಾರ್ಡ್ ತಗೊಳ್ಳಿ. ಅದರ ಕೊನೆಯ ಹಾಡಿನಲ್ಲಿ ಸಿನಿಮಾ ನಿರ್ದೇಶಕಿ ಲಾನಾ ವಾಚೋವ್ಸ್ಕಿ ಮಾಡಿದ ಭಾಷಣದ ತುಣುಕನ್ನು ಸ್ಪಷ್ಟವಾಗಿ ಕೇಳುವ ಹಾಗೆ ಇಟ್ಟಿದ್ದಾನೆ. ಇವು ಬೆದರಿಕೆ, ಕಾಟಕ್ಕೆ ಸಿಕ್ಕವರ ಪರವಾದ ಹಾಡುಗಳು, ಯಾರಿಗಾದರೂ ತಮ್ಮ ಮೇಲೆ ನಂಬಿಕೆ ಬರಲಿ ಅಂತ ಮಾಡಿದ್ದು ಎನ್ನುವ ಅರ್ಥದ ಸಂದೇಶವನ್ನು ಬಿಬಿಸಿ ರೇಡಿಯೊಗೂ ಕಳಿಸಿದ್ದ. ಇದಕ್ಕಿಂತ ಬಿಡಿಸಿ ಹೇಳೋಕಾಗುತ್ತಾ?

ಮೊದಲು ಇಂಥದೇ ಜನ ಅವನ ಮುಖ ಹುಡುಕಿದರು. ಹೆಸರು ಹೇಳದೆ ಸುಮ್ನೆ ಹಾಡು ಮಾಡಿಕೊಂಡಿದ್ದವನು. 2008ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿಯ ಪಟ್ಟಿಗೆ ಬಂದದ್ದೇ ತಡ, ‘ದಿ ಸನ್’ ಪತ್ರಿಕೆ ಬೆನ್ನು ಬಿತ್ತು. ಅವನು ಏಫೆಕ್ಸ್ ಟ್ವಿನ್ ಇರಬೇಕು, ಡಿಜೆ ಫ್ಯಾಟ್‌ಬಾಯ್ ಸ್ಲಿಮ್ ಇರಬೇಕು ಅಂತ ಊಹೆಗಳು. ಕೊನೆಗೆ ಆ ಬಡಪಾಯಿ ತಾನೇ ಒಂದು ಫೋಟೋ ಹಾಕಿ, ನಾನು ವಿಲಿಯಂ ಬೆವನ್, ನನ್ನ ಪಾಡಿಗೆ ಹಾಡು ಮಾಡಿಕೊಂಡಿರುವವನು ಅಂತ ಹೇಳಬೇಕಾಯಿತು. ಮುಖ ಸಿಕ್ಕಿತು, ತೀಟೆ ತೀರಲಿಲ್ಲ.

ಹುಡುಕಿಕೊಳ್ಳಲಿ, ನಿಮಗೇನು ಕಷ್ಟ ಅಂತ ಕೇಳಬಹುದು. ಕಷ್ಟ ಇದೆ. ಒಂದು ಸಲ ಹೇಳಿಬಿಟ್ಟರೆ ಕಿವಿ ಆಮೇಲೆ ಹಿಂದಕ್ಕೆ ಹೋಗಲ್ಲ. 2018ರಲ್ಲಿ ಲಾರೆಲ್, ಯಾನಿ ಅಂತ ಒಂದು ಆಡಿಯೋ ಎಲ್ಲರ ಫೋನಿಗೂ ಬಂದಿತ್ತಲ್ಲ, ಒಂದೇ ಸದ್ದು, ಒಬ್ಬರಿಗೆ ಒಂದು ಹೆಸರು, ಇನ್ನೊಬ್ಬರಿಗೆ ಇನ್ನೊಂದು. ಮಸುಕಾದ ಸದ್ದು ಸಿಕ್ಕರೆ ಮಿದುಳು ತನಗೆ ಗೊತ್ತಿರುವುದನ್ನು ಅದರ ಮೇಲೆ ಹೊದಿಸುತ್ತದೆ. ವಿಜ್ಞಾನಿಗಳು ಮಾತನ್ನು ಬರೀ ಶಿಳ್ಳೆಯಂಥ ಸದ್ದಾಗಿ ಇಳಿಸಿ ಪ್ರಯೋಗ ಮಾಡಿದ್ದಾರೆ. ಮೊದಲ ಸಲ ಕೇಳಿದವರಿಗೆ ಶಿಳ್ಳೆ ಮಾತ್ರ. ವಾಕ್ಯ ಇದು ಅಂತ ಹೇಳಿ ಮತ್ತೆ ಕೇಳಿಸಿದರೆ ವಾಕ್ಯವೇ ಕೇಳಿಸುತ್ತದೆ, ಬೇಡ ಅಂದರೂ ಕೇಳಿಸುತ್ತದೆ.

ನನಗೆ ಆಗಿದ್ದೂ ಅದೇ. ನಮ್ಮವನೊಬ್ಬನಿಗೆ ‘ಆರ್ಕೇಂಜೆಲ್’ನಲ್ಲಿ ಕನ್ನಡ ಕೇಳಿಸಿತು. ತಮಾಷೆಯಲ್ಲ. ಒಂದು ಕಡೆ ‘ಬಾರೋ ಇಲ್ಲಿ’ ಅನ್ನುತ್ತದಂತೆ. ಅಷ್ಟು ಭಾಗ ಕತ್ತರಿಸಿ, ನಾಲ್ಕು ಸಲ ತಿರುಗುವ ಹಾಗೆ ಮಾಡಿ, ವಾಟ್ಸಾಪಿನಲ್ಲಿ ಹಾಕಿದ. ಜೊತೆಗೆ ಕಣ್ಣೀರು ಬರುವಷ್ಟು ನಗುವ ಇಮೋಜಿ. ನಾನು ತೆರೆದು ಕೇಳಿದೆ, ಯಾರು ಕೇಳಲ್ಲ ಹೇಳಿ. ಅವತ್ತಿನಿಂದ ಆ ಜಾಗ ಬಂದರೆ ಸಾಕು, ಲಂಡನ್ನಿನ ಕತ್ತಲಲ್ಲಿ ಯಾರೋ ‘ಬಾರೋ ಇಲ್ಲಿ’ ಅಂತ ಕೂಗುತ್ತಾರೆ. ವರ್ಷಗಳಿಂದ ನಾನು ಪ್ರೀತಿಯಿಂದ ಕೇಳಿದ ಹಾಡು. ಈಗ ಅದರಲ್ಲಿ ನಮ್ಮ ಬೀದಿಯ ಅಂಕಲ್ ಇದ್ದಾರೆ. ಹೊರಗೆ ಹೋಗ್ತಾನೇ ಇಲ್ಲ.

ನಮ್ಮ ಸೋದರಮಾವ ಧಾರವಾಡದವರು. ಮಾತಿಲ್ಲದೆ ಬರೀ ಅಕ್ಷರಗಳನ್ನೇ ಹಾಡುವ ಹಿಂದೂಸ್ತಾನಿ ತರಾನ ಕೇಳುತ್ತಾ ಗಂಟೆಗಟ್ಟಲೆ ಕೂರುತ್ತಾರೆ. ‘ತೋಂ ತನನ ದಿರದಿರ’ದ ಒಳಗೆ ಏನು ಅಡಗಿದೆ ಅಂತ ಒಂದು ದಿನವೂ ಯಾರನ್ನೂ ಕೇಳಿದ್ದಿಲ್ಲ. ತೊಡೆ ಮೇಲೆ ತಾಳ ಹಾಕುತ್ತಾರೆ, ಎಲ್ಲೋ ಒಂದು ಕಡೆ ‘ಆಹಾ’ ಅನ್ನುತ್ತಾರೆ, ಮುಗೀತು. ಅವರ ಜೊತೆ ಬೆರಿಯಲ್ ಕೇಳಿದರೂ ಇದಕ್ಕಿಂತ ನೆಮ್ಮದಿಯಾಗಿ ಕೇಳಬಹುದು.

ಈಗ ಹೊಸದೊಂದು ಶುರುವಾಗಿದೆ. ಈ ಶನಿವಾರ ಒಬ್ಬನ ಮನೆಯಲ್ಲಿ ಎಲ್ಲರೂ ಸೇರಿ ‘ಅನ್‌ಟ್ರೂ’ ಪೂರ್ತಿ ಕೇಳುವುದಂತೆ. ಕೇಳುವುದು ಅಂದರೆ, ಗೋಡೆ ಮೇಲೆ ಪ್ರೊಜೆಕ್ಟರಿನಲ್ಲಿ ಸ್ಪೆಕ್ಟ್ರೋಗ್ರಾಂ ಹಾಕಿ, ಪ್ರತಿ ಹಾಡನ್ನೂ ನಿಲ್ಲಿಸಿ ನಿಲ್ಲಿಸಿ, ಯಾರ್ಯಾರಿಗೆ ಏನೇನು ಕೇಳಿಸಿತು ಅಂತ ಎಕ್ಸೆಲ್ ಶೀಟಿನಲ್ಲಿ ಬರೆಯುವುದು. ಎಕ್ಸೆಲ್ ಶೀಟು! ಮೂಡ್‌ಗೂ ಒಂದು ಕಾಲಂ ಇದೆ, ಒಂದರಿಂದ ಐದರವರೆಗೆ ‘ದುಃಖ’ದ ಅಂಕ ಕೊಡಬೇಕು. ಸಂತೋಷಕ್ಕೆ ಕಾಲಂ ಇಲ್ಲ. ಒಳ್ಳೆ ಸ್ಪೀಕರ್ ನಿನ್ನ ಹತ್ತಿರ ಮಾತ್ರ ಇರೋದು, ಆಟೋದಲ್ಲಿ ಹಾಕಿಕೊಂಡು ಬಂದುಬಿಡು ಅಂತ ನನಗೆ ಆರ್ಡರ್ ಆಗಿದೆ.

ಕೊಡಲ್ಲ ಅಂದಿದ್ದೇನೆ. ಫೋನಿನ ಸ್ಪೀಕರಿನಲ್ಲಿ ಕೇಳಿಕೊಳ್ಳಲಿ, ದನಿಗಳು ಇನ್ನೂ ಜಾಸ್ತಿ ಸಿಗುತ್ತವೆ.