ಗಾಜಿನ ಹೆಂಚು ಎಲ್ಲಿ ಹೋಯ್ತು?

ಕಳೆದ ಭಾನುವಾರ ಅಮ್ಮನನ್ನು ಕರೆದುಕೊಂಡು ಚಿಕ್ಕಮಗಳೂರಿನ ಹಳೇ ಕಾಫಿ ಕ್ಯೂರಿಂಗ್ ಒಂದಕ್ಕೆ, ಅಂದರೆ ಒಣ ಕಾಫಿಯ ಸಿಪ್ಪೆ ಸುಲಿದು ಬೀಜ ವಿಂಗಡಿಸುತ್ತಿದ್ದ ಕಾರ್ಖಾನೆಗೆ ಹೋಗಿದ್ದೆ. ಈಗ ಅದು ಕೆಫೆ. ಹೆಸರು ಬೇಡ ಬಿಡಿ. ಕಾಫಿ ಹರಡುತ್ತಿದ್ದ ಕಣದಲ್ಲಿ ಕಾರುಗಳು, ಮೂಟೆ ಒಟ್ಟುತ್ತಿದ್ದ ಗೋಡೌನಿನಲ್ಲಿ ಸೋಫಾಗಳು.

ಕಟ್ಟಡ ಕೆಡವದೆ ಉಳಿಸಿಕೊಂಡಿದ್ದಾರಲ್ಲ, ಅದಕ್ಕೆ ನನಗೆ ನಿಜಕ್ಕೂ ಖುಷಿ. ದಪ್ಪ ಗೋಡೆ, ಮರದ ತೊಲೆ, ಮಂಗಳೂರು ಹೆಂಚು ಎಲ್ಲ ಹಾಗೇ ಇವೆ. ಬೇರೆಯವರ ಕೈಗೆ ಸಿಕ್ಕಿದ್ದರೆ ಇಷ್ಟೊತ್ತಿಗೆ ಕಲ್ಯಾಣ ಮಂಟಪ ಎದ್ದಿರುತ್ತಿತ್ತು.

ಗೋಡೆ ಮೇಲೆ ಬಾಬಾ ಬುಡನ್ ಏಳು ಬೀಜ ತಂದ ಕಥೆ ಬರೆಸಿದ್ದಾರೆ. ಅದು ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ಆ ಗೋಡೌನಿನ ಕಥೆ ಮಾತ್ರ ಒಂದು ಸಾಲೂ ಇಲ್ಲ. 1942ರ ಕಾಯ್ದೆ ಬಂದ ಮೇಲೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಿರಲಿಲ್ಲ. ಕ್ಯೂರಿಂಗ್‌ಗೆ ಹಾಕಬೇಕು, ಅದು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಮಾಡಿ ಬೋರ್ಡೇ ಮಾರುವ ರಾಶಿಗೆ ಸೇರಬೇಕು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಆ ಕಟ್ಟು ಪೂರ್ತಿ ಬಿಚ್ಚಿದ್ದು 1996ರಲ್ಲಿ. ಒಂದು ಮೂಟೆ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಹಾಕಿದರೆ ಎಷ್ಟು ಕೆ.ಜಿ. ಬೀಜ ಬಂತು ಅನ್ನುವ ಔಟ್‌ಟರ್ನ್ ಲೆಕ್ಕದ ಮೇಲೆ ಎಷ್ಟೋ ಮನೆಗಳ ಮದುವೆ, ಸಾಲ ನಿಂತಿರುತ್ತಿತ್ತು. ಇದನ್ನಲ್ವಾ ಬರೆಸಬೇಕಿದ್ದು?

ಅಮ್ಮ ಮದುವೆಗೆ ಮುಂಚೆ ಇಂಥದ್ದೇ ಒಂದು ಕ್ಯೂರಿಂಗ್‌ನಲ್ಲಿ ಬೀಜ ಆರಿಸೋಕೆ ಹೋಗುತ್ತಿದ್ದವರು. ಮೆಷಿನ್ನು ಸಿಪ್ಪೆ ಸುಲಿಯುತ್ತೆ, ಜರಡಿ ಹಿಡಿದು ಗಾತ್ರ ನೋಡಿ ಎ, ಬಿ, ಸಿ ಅಂತ ಬೇರೆ ಮಾಡುತ್ತೆ. ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ, ಅಂದರೆ ಪಿಬಿ, ಅದೂ ಬೇರೆಯಾಗುತ್ತೆ. ಆದರೆ ಕರಿ ಬೀಜ, ಹುಳ ಹೊಡೆದದ್ದು ಆಗ ಹೆಂಗಸರ ಕಣ್ಣಿಗೇ ಬೀಳಬೇಕಿತ್ತು. ಸಾಲಾಗಿ ಕೂತು, ರಾಶಿ ಮುಂದಿಟ್ಟುಕೊಂಡು, ದಿನವಿಡೀ.

ಒಳಗೆ ಕಾಲಿಟ್ಟವರೇ ಅಮ್ಮ ಮೇಲೆ ನೋಡಿದರು. "ಗಾಜಿನ ಹೆಂಚು ಎಲ್ಲೋ?"

ಹೆಂಚಿನ ನಡುನಡುವೆ ಬೆಳಕಿಗೆ ಗಾಜಿನದ್ದು ಕೂರಿಸುತ್ತಿದ್ದರಂತೆ. ಈಗ ಹೆಂಚಿನ ಕೆಳಗೆ ಕಪ್ಪು ಪ್ಲೈವುಡ್ ಹೊಡೆದು ಹಳದಿ ಬಲ್ಬ್ ತೂಗುಹಾಕಿದ್ದಾರೆ. ಫೋಟೋಗೆ ಚೆನ್ನಾಗಿ ಬರುತ್ತೆ, ಇಲ್ಲ ಅನ್ನಲ್ಲ. ಕೆಲಸದ ಜಾಗಕ್ಕೆ ಜೀವವಾಗಿದ್ದ ಬೆಳಕನ್ನೇ ಮುಚ್ಚಿ ಹಳೇತನ ಉಳಿಸಿದ್ದೀವಿ ಅಂದರೆ ಹೇಗೆ?

ಟೇಬಲ್ ಮೇಲೆ ಅಂದಕ್ಕೆ ಅಂತ ಒಂದು ಗಾಜಿನ ಬಟ್ಟಲಲ್ಲಿ ಹುರಿಯದ ಬೀಜ ಇಟ್ಟಿದ್ದರು. ಅಮ್ಮ ಸುಮ್ನೆ ಕೂರಲಿಲ್ಲ. ನನ್ನ ಫೋನಿನ ಟಾರ್ಚ್ ಹಾಕಿಸಿ ಆರಿಸೋಕೆ ಶುರು ಮಾಡಿದರು. ಇನ್ನೂರ ಇಪ್ಪತ್ತು ರೂಪಾಯಿ ಕಾಫಿ ಬರುವ ಹೊತ್ತಿಗೆ ಟಿಶ್ಯೂ ಪೇಪರ್ ಮೇಲೆ ಹನ್ನೊಂದು ಕರಿ ಬೀಜ.

"ಏನಾದ್ರೂ ಬೇಕಿತ್ತಾ ಆಂಟಿ?" ಅಂದ ಕಾಫಿ ತಂದ ಹುಡುಗ.

"ಒಂದು ಟ್ಯೂಬ್‌ಲೈಟ್ ಹಾಕಪ್ಪ" ಅಂದರು ಅಮ್ಮ.