ಸತ್ಯಾಂಶ: 1 ಲಕ್ಷ ಹಿಟ್ಸ್ ಅಂದರೆ 1 ಲಕ್ಷ ಜನ ಅಲ್ಲ

"ನಮ್ಮ ವೆಬ್‌ಸೈಟಿಗೆ ದಿನಕ್ಕೆ 1 ಲಕ್ಷ ಹಿಟ್ಸ್! ಲಕ್ಷ ಜನ ಓದುತ್ತಿದ್ದಾರೆ" ಎಂಬಂಥ ಮೆಸೇಜು ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಸಂಖ್ಯೆ ನಿಜವೇ ಇರಬಹುದು. ಅರ್ಥ ಮಾತ್ರ ತಪ್ಪು.

ಯಾರು ಏನು ಕೇಳಿದರೂ ಸರ್ವರ್, ಅಂದರೆ ವೆಬ್‌ಸೈಟನ್ನು ಇಟ್ಟುಕೊಂಡಿರುವ ಕಂಪ್ಯೂಟರ್, ಒಂದು ಸಾಲು ಬರೆದಿಡುತ್ತದೆ. ಅದೇ ಲಾಗ್. ಒಬ್ಬರು ಒಂದು ಪುಟ ತೆರೆದರು ಅನ್ನಿ. ಅದರಲ್ಲಿ 30 ಫೋಟೊ, 2 ಸ್ಟೈಲ್ ಫೈಲು, 3 ಸ್ಕ್ರಿಪ್ಟು ಇದ್ದರೆ ಬ್ರೌಸರ್ ಒಂದೊಂದನ್ನೂ ಬೇರೆಯಾಗಿ ಕೇಳುತ್ತದೆ. ಪುಟವೂ ಸೇರಿ ಲಾಗಿನಲ್ಲಿ 36 ಸಾಲು, ಅಂದರೆ 36 ಹಿಟ್ಸ್. ಓದಿದವರು ಒಬ್ಬರೇ, ಅಲ್ವಾ?

ಒಂದು ಸಾಲನ್ನು ಹತ್ತಿರದಿಂದ ನೋಡಿ. ಮೊದಲು ಐಪಿ ವಿಳಾಸ, ಅಂದರೆ ಕೇಳಿದವರ ಇಂಟರ್ನೆಟ್ ಸಂಪರ್ಕದ ಸಂಖ್ಯೆ. ಆಮೇಲೆ ತಾರೀಕು, ಸಮಯ, ಕೇಳಿದ ಫೈಲು, ಒಂದು ಕೋಡ್. 200 ಅಂದರೆ ಸಿಕ್ಕಿತು, 404 ಅಂದರೆ ಅಂಥ ಫೈಲೇ ಇಲ್ಲ. ಆ 404 ಕೂಡ ಹಿಟ್ ಎಂದೇ ಲೆಕ್ಕ! ಕೊನೆಯಲ್ಲಿ ಬ್ರೌಸರಿನ ಹೆಸರು. ಅಲ್ಲಿ ಎಷ್ಟೋ ಸಲ 'ಗೂಗಲ್‌ಬಾಟ್', 'ಬಿಂಗ್‌ಬಾಟ್' ಎಂದಿರುತ್ತದೆ. ಅವು ಸರ್ಚ್ ಎಂಜಿನ್ನುಗಳಿಗಾಗಿ ಪುಟ ಓದುವ ತಂತ್ರಾಂಶಗಳು, ಮನುಷ್ಯರಲ್ಲ. ಬ್ರೌಸರಿನ ವೇಷ ಹಾಕಿ ಬರುವ ಬಾಟ್‌ಗಳೂ ಇವೆ. ಅವನ್ನು ಬೇರ್ಪಡಿಸುವುದೇ ಜಾಸ್ತಿ ಕಷ್ಟ.

ಹಾಗಾದರೆ ಐಪಿ ಎಣಿಸಿದರೆ ಸಾಕೇ? ಸಾಲದು. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಹಲವರಿಗೆ ಹಂಚುತ್ತವೆ. ಬೆಳಿಗ್ಗೆ ಮನೆಯ ವೈಫೈ, ಮಧ್ಯಾಹ್ನ ಮೊಬೈಲ್ ಡೇಟಾ ಬಳಸಿದ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ.

ಓದಿದವರ ಅಂದಾಜು ಬೇಕಿದ್ದರೆ ಬಾಟ್ ತೆಗೆದು, ಫೋಟೊ ಬಿಟ್ಟು, ಪುಟಗಳನ್ನಷ್ಟೇ ಎಣಿಸಬೇಕು. ಒಂದೇ ಐಪಿ, ಒಂದೇ ಬ್ರೌಸರಿನಿಂದ ನಡುವೆ 30 ನಿಮಿಷಕ್ಕಿಂತ ಹೆಚ್ಚು ಬಿಡುವಿಲ್ಲದೆ ಬಂದದ್ದನ್ನೆಲ್ಲ ಒಂದು ಭೇಟಿ ಎನ್ನುವುದು ರೂಢಿ. ಅದೂ ಅಂದಾಜೇ.